ಪಾಲಾಗದ ಮುದ್ರೆ

ಏಪ್ರಿಲ್ 23, 1972

ಕ್ಲೆಮ್ ಇವತ್ತು ದನಗಳಿಗೆ ಬರೆ ಹಾಕುವ ಮುದ್ರೆಯ ಕಬ್ಬಿಣ ಕೇಳಲು ಬಂದಿದ್ದ. ಕೇಳಲು ಎಂದರೆ ಒಯ್ಯಲು. ಟ್ರಕ್ಕಿನ ಹಿಂದೆ ಗೋಣಿ ಹಾಸಿಕೊಂಡೇ ಬಂದಿದ್ದ. ನಾನು ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತೆ.

"ಅಪ್ಪಂದು ಅದು," ಎಂದ.

"ಅಪ್ಪ ಹೋದ. ನೀನು ಮೌಂಟ್ ಐಸಾ ಗಣೀಲಿ ಸಂಬಳ ಎಣಿಸ್ತಿದ್ದಾಗ ಇದನ್ನ ಕೆಂಪಗೆ ಕಾಯಿಸಿ ಅಪ್ಪನ ಕೈಗೆ ಕೊಡ್ತಿದ್ದೋಳು ನಾನು."

"ಗಣಿಗೆ ಹೋದೆ ಅಂತ ನಾನು ಅಪ್ಪನ ಮಗ ಅಲ್ದೇ ಹೋದ್ನೇನೇ, ಡಲ್ಸಿ?"

"ಮಗನೇ ಕಣೋ. ಅದಕ್ಕೇ ಅಲ್ವಾ ಅರ್ಧ ಹುಲ್ಲುಗಾವಲು ಸಿಕ್ಕಿದ್ದು? ತಿಂದು ತೇಗು."

ಅವನ ಹೆಂಡತಿ ನೋಯ್ಲೀನ್ ಟ್ರಕ್ಕಿನಿಂದ ಇಳಿಯಲೇ ಇಲ್ಲ. ಕಿಟಕಿಯಿಂದಲೇ ನಗುತ್ತ ಕೈ ಬೀಸಿದಳು. ಆ ನಗು ಕಂಡರೆ ನನಗಾಗದು.

ಅಪ್ಪನ ಉಯಿಲು ಸರಳವಾಗಿತ್ತು. ಹೊಳೆಯ ಆಚೆ ದಂಡೆ ಕ್ಲೆಮ್‌ಗೆ, ಈಚೆ ದಂಡೆ ಮತ್ತು ಮನೆ ನನಗೆ, ಹಸುಗಳಲ್ಲಿ ಸರಿಪಾಲು. ನೆಲ ಪಾಲಾಗುತ್ತದೆ, ಹಸು ಪಾಲಾಗುತ್ತದೆ, ಅಮ್ಮನ ಚಮಚಗಳೂ ಪಾಲಾದವು. ಜೆ-ನಾಲ್ಕು-ಎಚ್ ಹೇಗೆ ಪಾಲಾದೀತು? ಅದು ಅಜ್ಜ ಜ್ಯಾಕ್ ಹ್ಯಾನ್ರಹಾನ್ ನೋಂದಾಯಿಸಿದ ಮುದ್ರೆ. ಇಲ್ಲಿಯ ಒಂದೊಂದು ದನದ ತೊಡೆಯ ಮೇಲೂ ಅದು ಇದೆ. ಅದರ ಬಗ್ಗೆ ಅಪ್ಪ ಒಂದು ಮಾತನ್ನೂ ಹೇಳದೆ ಸತ್ತ. ನನಗೆ ಅಪ್ಪನ ಮೇಲೂ ಸಿಟ್ಟಿದೆ.

ಮೇ 2

ಟಪಾಲು ಟ್ರಕ್ಕು ಬಂತು. ಬ್ರಿಸ್ಬೇನಿನ ಮುದ್ರೆ ಕಚೇರಿಯವರ ಉತ್ತರವೂ ಬಂತು. ಮುದ್ರೆ ಒಬ್ಬರ ಹೆಸರಿನಲ್ಲಿ ಮಾತ್ರ ಇರಲು ಸಾಧ್ಯವಂತೆ. ಇಬ್ಬರೂ ಅರ್ಜಿ ಹಾಕಿದ್ದೀರಿ, ಜುಲೈ ಮುಗಿಯುವುದರೊಳಗೆ ಒಬ್ಬರು ಹಿಂದೆ ಸರಿಯದಿದ್ದರೆ ಮುದ್ರೆಯನ್ನು ಪಟ್ಟಿಯಿಂದಲೇ ತೆಗೆಯುತ್ತೇವೆ ಎಂದಿದ್ದಾರೆ. ಆಮೇಲೆ ಅದು ಯಾರದ್ದೂ ಅಲ್ಲ. ಅಲ್ಲಿಯವರೆಗೆ ನಾನು ನನ್ನ ಕರುಗಳಿಗೆ ಮಾತ್ರ ಅದನ್ನು ಹಾಕಬಹುದು.

ನಾನು ಸರಿಯುವುದಿಲ್ಲ. ಅವನೂ ಸರಿಯುವುದಿಲ್ಲವಂತೆ. ಸದ್ಯಕ್ಕೆ ಸಿ-ಒಂಬತ್ತು-ಟಿ ಎಂಬ ಹೊಸ ಮುದ್ರೆ ಮಾಡಿಸಿಕೊಂಡಿದ್ದಾನೆ. ತನ್ನ ಪಾಲಿನ ಹಸುಗಳಿಗೆಲ್ಲ ಅಪ್ಪನ ಮುದ್ರೆಯ ಕೆಳಗೆ ಅದನ್ನು ಹಾಕಿದ್ದಾನೆ. ಹಳೆಯದರ ಕೆಳಗೆ ಹೊಸದು, ಅದೇ ಪದ್ಧತಿ. ಹಸುವಿನ ತೊಡೆ ಓದಿದರೆ ಅದು ಯಾರಿಂದ ಯಾರಿಗೆ ಹೋಯಿತೆಂದು ತಿಳಿಯಬೇಕು. ಅಪ್ಪನ ಮುದ್ರೆ ಒಂದೇ ಇದ್ದರೆ ನನ್ನ ಹಸು, ಕೆಳಗೊಂದು ಬಾಲ ಅಂಟಿದ್ದರೆ ಅವನದು.

ಸಿ-ಒಂಬತ್ತು-ಟಿ! ಪೆಟ್ರೋಲ್ ಬಂಕಿನ ಡಬ್ಬಿಯ ಮೇಲಿನ ಹೆಸರಿನ ಹಾಗಿದೆ.

ಮೇ 16

ಮಳೆ ಮುಗಿದ ಮೇಲಿನ ಮೊದಲ ಸುತ್ತಿನ ದನ ಕೂಡಿಸುವ ಕೆಲಸ ಇವತ್ತಿಗೆ ಮುಗಿಯಿತು. ಮೈಯೆಲ್ಲ ಧೂಳು, ಮನಸ್ಸೆಲ್ಲ ಕಿಚ್ಚು. ಕೆಚ್ಚಲು ಬಿಗಿದುಕೊಂಡ, ಪಕ್ಕದಲ್ಲಿ ಕರುವಿಲ್ಲದ ಹಸುಗಳು ಹತ್ತು ಹನ್ನೆರಡಿವೆ. ಬೇಲಿಯುದ್ದಕ್ಕೂ ಅಂಬಾ ಎಂದು ಕೂಗುತ್ತ ಅಲೆಯುತ್ತಿವೆ. ಹಾಲಿದೆ, ಕರುವಿಲ್ಲ ಎಂದರೆ ಏನರ್ಥವೆಂದು ಈ ಸೀಮೆಯಲ್ಲಿ ಹಸುಗೂಸಿಗೂ ಗೊತ್ತು. ಬರೆ ಬೀಳದ ಕರುವನ್ನು ಯಾರೋ ಬಿಡಿಸಿಕೊಂಡು ಹೋಗಿದ್ದಾರೆ. ಮೊದಲು ಬರೆ ಹಾಕಿದವನದೇ ಕರು.

ಆರ್ಚಿ ಒಪ್ಪಲಿಲ್ಲ. ಅವನು ಅಪ್ಪನ ಕಾಲದಿಂದ ನಮ್ಮ ದನಗಾರರ ಮುಖಂಡ. ನಮ್ಮಜ್ಜ ಬರುವುದಕ್ಕೆ ಎಷ್ಟೋ ಮುಂಚಿನಿಂದ ಅವನ ಜನ ಈ ಹೊಳೆಯವರು. ಮದುವೆಯಾಗದಿದ್ದರೂ ಯಜಮಾನಿಯೆಂದು ನನ್ನನ್ನು ಮಿಸ್ಸಸ್ ಎನ್ನುತ್ತಾನೆ.

"ಮರಳಲ್ಲೆಲ್ಲಾ ಡಿಂಗೋ ಹೆಜ್ಜೆ ಅವೆ ಮಿಸ್ಸಸ್. ಈ ಸಲ ಕಾಡುನಾಯಿ ಜಾಸ್ತಿ, ಕರು ಹಿಡೀತವೆ," ಎಂದ.

"ಟ್ರಕ್ ಓಡಿಸೋ ನಾಯಿ ಒಂದಿದೆ, ನಂಗೊತ್ತು."

ಆರ್ಚಿ ಟೋಪಿ ಸರಿಮಾಡಿಕೊಂಡು ಕುದುರೆಗೆ ನೀರು ಕುಡಿಸಲು ಹೋದ.

ಮೇ 21

ಹೊಳೆ ದಾಟಿ ಕ್ಲೆಮ್‌ನ ದೊಡ್ಡಿಗೆ ಹೋದೆ. ಕೇಳಿ ಹೋಗಲಿಲ್ಲ. ಕಳ್ಳನ ಮನೆಗೆ ಹೋಗಲು ಆಮಂತ್ರಣ ಬೇಕೇ? ಅವನು ಕರುಗಳನ್ನು ಕೆಡವಿ ಬರೆ ಹಾಕುತ್ತಿದ್ದ. ನಾನು ಕಟ್ಟೆಯ ಮೇಲೆ ಕೂತು ಒಂದೊಂದನ್ನೂ ನೋಡಿದೆ. ಬಿಳಿ ಮುಖ, ಗಿಡ್ಡ ಕಾಲು. ನಮ್ಮ ಹೋರಿಯ ಅಚ್ಚು.

"ನಮ್ಮ ಹೋರಿ ಕರುಗಳು ಇವು," ಎಂದೆ.

"ಹೂಂ, ನಮ್ಮ ಹೋರಿದೇ. ಎರಡೂ ದಂಡೆ ಹಸುಗೂ ಅದೊಂದೇ ಹೋರಿ ತಾನೆ ಇದ್ದದ್ದು? ಅಪ್ಪ ಇನ್ನೊಂದು ಹೋರೀಗೆ ಯಾವತ್ತು ದುಡ್ಡು ಬಿಚ್ಚಿದ್ದ?"

ಅವನ ಆಳುಗಳು ನಕ್ಕರು. ನಾನು ನಗಲಿಲ್ಲ. "ನನ್ನ ಹಸುಗಳು ಕರು ಇಲ್ದೆ ಕೂಗ್ತಿವೆ," ಎಂದೆ, ಅಷ್ಟೇ.

"ನಾನೇನೂ ನಿನ್ನ ಕರು ಕದ್ದಿಲ್ಲ, ಡಲ್ಸಿ."

ಕದ್ದೆ ಎಂದು ನಾನೆಲ್ಲಿ ಹೇಳಿದ್ದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡ.

ನೋಯ್ಲೀನ್ ಟೀ ತಂದಳು. "ಬೇಡ" ಎಂದೆ. "ಬಿಸಿಲಲ್ಲಿ ಬಂದಿದ್ದೀಯ, ಒಂದು ಗುಟುಕು..." ಎಂದಳು. ಬೇಡವೆಂದರೆ ಬೇಡ. ದಾರಿಯುದ್ದಕ್ಕೂ ಬಾಯಿ ಒಣಗಿತ್ತು.

ಜೂನ್ 4

ಹೊಳೆಯ ಈಚೆ, ಜಾಲಿ ಗಿಡದ ಬುಡದಲ್ಲಿ, ಒಂಟಿ ಕರು ಮಲಗಿತ್ತು. ಮೈ ಬೋಳು, ಬರೆಯಿಲ್ಲ, ಕಿವಿಗುರುತಿಲ್ಲ. ಬೆಂಕಿ ಹಾಕು ಎಂದು ಆರ್ಚಿಗೆ ಹೇಳಿದೆ.

"ಸ್ವಲ್ಪ ತಡೀರಿ ಮಿಸ್ಸಸ್. ತಾಯಿ ಮೇಯಕ್ಕೆ ಹೋಗಿರ್ತದೆ. ಸಂಜೆಗೆ ಬರ್ತದೆ, ಯಾರ ಹಸು ಅಂತ ನೋಡೋಣ."

"ನನ್ನ ನೆಲದಲ್ಲಿದೆ. ನನ್ನ ಹುಲ್ಲು ತಿಂದದ್ದು ನನ್ನದು."

"ಹಂಗಾದ್ರೆ ನಿಮ್ಮ ದನ ಎಲ್ಲಾ ನಮ್ಮಜ್ಜಂದು," ಎಂದು ಹಲ್ಲು ಕಿರಿದ.

ಎಲ್ಲಕ್ಕೂ ಒಂದು ತಮಾಷೆ ಇವನಿಗೆ. ಬರೆ ಹಾಕಿದೆ. ಚೆನ್ನಾಗಿ ಮೂಡಿದೆ. ಕಳೆದುಕೊಂಡದ್ದರಲ್ಲಿ ಒಂದು ವಾಪಸು ಬಂತು ಎಂದುಕೊಂಡೆ. ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅಪ್ಪ ಹೋದ ಮೇಲೆ ಇದೇ ಮೊದಲು.

ಜೂನ್ 11

ಮಳೆಗಾಲದ ನೆರೆಗೆ ಹೊಳೆಯ ಅಡ್ಡಬೇಲಿ ಕಿತ್ತುಹೋಗಿದೆ. ದನಗಳು ಎರಡೂ ಕಡೆಯಿಂದ ನುಗ್ಗುತ್ತಿವೆ. ಆರ್ಚಿ ತಂತಿ ಹಿಡಿದುಕೊಂಡು ಹೊರಟಿದ್ದ, ಬೇಡವೆಂದೆ. ಈ ವರ್ಷ ಬೇಲಿಯ ಸರದಿ ಕ್ಲೆಮ್‌ನದು. ಅವನ ಸರದಿಯ ಕೆಲಸ ನಾನೇಕೆ ಮಾಡಲಿ?

ಜೂನ್ 15

ಬೇಲಿ ಕಿತ್ತ ಜಾಗದ ಹತ್ತಿರ, ನನ್ನ ಕಡೆ, ಉಪ್ಪಿನ ಗಡ್ಡೆಗಳನ್ನು ಇಟ್ಟು ಬಂದೆ. ದನಕ್ಕೆ ಉಪ್ಪು ಬೇಕು. ನನ್ನ ನೆಲದಲ್ಲಿ ಎಲ್ಲಿ ಬೇಕಾದರೂ ಇಡುತ್ತೇನೆ.

ಜೂನ್ 19

ಉಪ್ಪಿಗೆ ಬಂದ ಐದು ಕರುಗಳಿಗೆ ಬರೆ ಹಾಕಿದೆ. ತಾಯಂದಿರನ್ನೆಲ್ಲ ಬೇರ್ಪಡಿಸಿ ಹೊಳೆಯ ಆಚೆಗೆ ಅಟ್ಟಿದೆ. ಕ್ಲೆಮ್‌ನ ಒಂದು ಹಸುವನ್ನೂ ಇಟ್ಟುಕೊಂಡಿಲ್ಲ. ಇಟ್ಟುಕೊಳ್ಳಲು ನಾನೇನು ಕಳ್ಳಿಯೇ? ಅವನು ನನ್ನದನ್ನು ಹೀಗೆ ವಾಪಸು ಕಳಿಸಿದ್ದಾನೆಯೇ?

ಜೂನ್ 27

ಆರ್ಚಿ ಹೊರಟುಹೋದ.

ಬೆಳಿಗ್ಗೆ ಇನ್ನೂ ನಾಲ್ಕು ಕರುಗಳನ್ನು ದೊಡ್ಡಿಗೆ ತುಂಬಿದ್ದೆ. ಬೆಂಕಿ ಹಾಕು ಎಂದೆ. ಅವನು ಒಂದು ಹಸುವಿನ ತೊಡೆಯ ಮೇಲಿನ ಕೂದಲನ್ನು ಅಂಗೈಯಿಂದ ಸವರಿ ಸರಿಸಿದ. ಜೂನ್ ತಿಂಗಳ ಚಳಿಗೆ ಕೂದಲು ದಟ್ಟವಾಗಿದೆ, ಸುಮ್ಮನೆ ನೋಡಿದರೆ ಬರೆ ಕಾಣುವುದಿಲ್ಲ.

"ಕೆಳಗಡೆ ಸಿ-ಒಂಬತ್ತು-ಟಿ ಐತೆ ಮಿಸ್ಸಸ್."

"ಹಸು ಅವನದು. ಅದನ್ನ ಅಟ್ತೀನಲ್ಲ."

"ಹಸು ಅವರದಾದ್ರೆ ಕರು?"

"ನಿನ್ನ ಕೇಳಿದ್ನಾ?"

ಅವನು ಕಬ್ಬಿಣವನ್ನು ಗೋಡೆಗೆ ಒರಗಿಸಿದ, ಎಸೆಯಲಿಲ್ಲ. "ನಿಮ್ಮಪ್ಪನ ಜೊತೆ ಇಷ್ಟು ವರ್ಷ ಈ ಕೆಲಸ ಮಾಡಿದೀನಿ. ಈ ಕೆಲಸ ನನ್ನ ಕೈಲಾಗಲ್ಲ," ಎಂದ. ಹಾಸಿಗೆ ಸುತ್ತಿಕೊಂಡು ಟಪಾಲು ಟ್ರಕ್ಕಿನಲ್ಲಿ ಕ್ಲಾಂಕರಿ ಪೇಟೆಗೆ ಹೋದ. ಜೊತೆಗೆ ಹೊರಟ ಅವನ ಹೆಂಡತಿ, ಬಾಗಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿಯೂ ನೋಡಲಿಲ್ಲ.

ಕ್ಲೆಮ್ ಅವನಿಗೆ ಏನೋ ಕೊಟ್ಟಿರಬೇಕು. ಅಪ್ಪನ ಉಪ್ಪು ತಿಂದವನು!

ಜುಲೈ 5

ಒಬ್ಬಳೇ ಕರು ಕೆಡವಿ ಬರೆ ಹಾಕುವುದು ಕಷ್ಟ. ಕಬ್ಬಿಣ ಜಾರಿ ಎಡಗೈ ಸುಟ್ಟಿತು. ಬರೆಯೂ ವಕ್ರವಾಯಿತು. ಎಚ್ ಮಲಗಿಬಿಟ್ಟಿದೆ.

ಮಧ್ಯಾಹ್ನ ನೋಯ್ಲೀನ್ ಕುದುರೆ ಮೇಲೆ ಬಂದಳು. ನನ್ನ ಕೈ ನೋಡಿ, "ಅಯ್ಯೋ, ಏನಾಯ್ತು? ಮುಲಾಮು ಹಚ್ಚಿದ್ಯಾ?" ಎಂದಳು. ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ನಮ್ಮ ಹಸುಗಳು ಕೆಚ್ಚಲು ಬಿಗಿದು ಬೇಲಿ ಹತ್ರ ಕೂಗ್ತಾ ನಿಂತಿವೆ ಡಲ್ಸಿ. ಕರುಗಳೇ ಕಾಣ್ತಿಲ್ಲ. ಕ್ಲೆಮ್ ತಲೆ ಕೆಡಿಸಿಕೊಂಡಿದಾನೆ. ನಿನ್ನ ಕಡೆ ಡಿಂಗೋ ಜಾಸ್ತಿ ಇದ್ಯಾ?"

"ಜಾಸ್ತಿ ಇದೆ," ಎಂದೆ. "ಮರಳಲ್ಲೆಲ್ಲಾ ಹೆಜ್ಜೆ."

ಅವಳು ತಲೆಯಾಡಿಸಿ, ವಿಷ ಇಡಬೇಕಾಗುತ್ತದೇನೋ ಎಂದು ಗೊಣಗಿಕೊಂಡು ಹೋದಳು. ನೋಡಿಕೊಂಡು ಹೋಗಲೆಂದೇ ಬಂದಿದ್ದಳು, ಬೇಹುಗಾರ್ತಿ. ದೊಡ್ಡಿಯ ಕಡೆ ಅವಳ ಕಣ್ಣು ಹೋಗದಂತೆ ನಾನೇ ಅಡ್ಡ ನಿಂತಿದ್ದೆ.

ಊಟ ಮಾಡಲಿಲ್ಲ. ಒಬ್ಬಳಿಗೆಂದು ಒಲೆ ಹಚ್ಚಲು ಬೇಸರ. ಉಪ್ಪುಮಾಂಸದ ತುಂಡೊಂದನ್ನು ನಿಂತೇ ತಿಂದೆ.

ಜುಲೈ 8

ಕ್ಲಾಂಕರಿಗೆ ಹೋಗಿ ದೂರು ಕೊಟ್ಟು ಬಂದೆ. ಇನ್ನು ಮೂರು ವಾರದಲ್ಲಿ ಮುದ್ರೆ ಪಟ್ಟಿಯಿಂದ ಹೋಗುತ್ತದೆ. ಕ್ಲೆಮ್ ಕಳ್ಳನೆಂದು ಸಾಬೀತಾದರೆ ಕಳ್ಳನ ಅರ್ಜಿ ಉಳಿಯುವುದೇ? ಮುದ್ರೆ ತಾನಾಗಿ ನನ್ನದಾಗುತ್ತದೆ.

ದನಗಳ್ಳತನ ನೋಡಿಕೊಳ್ಳುವ ಸಾರ್ಜೆಂಟ್ ಟೂಹಿ ಪೂರ್ತಿ ಕೇಳಿದ. ಕಿವಿ ಕೆರೆದುಕೊಂಡು, "ಒಡಹುಟ್ಟಿದೋರು. ಮನೇಲೇ ಕೂತು ಮಾತಾಡಿ ಮುಗಿಸ್ಕೊಳ್ಳಿ ಮಿಸ್ ಹ್ಯಾನ್ರಹಾನ್," ಎಂದ.

"ಕಳ್ಳನ ಜೊತೆ ಏನ್ರೀ ಮಾತು?"

"ಸರಿ ಹಾಗಾದ್ರೆ. ಎರಡೂ ಕಡೆ ಹಸು, ಎರಡೂ ಕಡೆ ಕರು, ಎಲ್ಲಾ ಒಂದೇ ದೊಡ್ಡಿಗೆ ತನ್ನಿ. ರಾತ್ರಿ ಕರು ಬೇರೆ, ತಾಯಿ ಬೇರೆ ಕೂಡಿ ಹಾಕೋಣ. ಬೆಳಿಗ್ಗೆ ಗೇಟ್ ತೆಗೆಯೋದು. ಕರು ಯಾವ ಹಸು ಹತ್ರ ಹೋಗಿ ಬಾಯಿ ಹಾಕ್ತದೋ ಆ ಹಸುವಿನ ಒಡೆಯಂದು ಕರು. ಮೈ ಮೇಲೆ ಯಾರ ಬರೆ ಇದ್ರೂ ಅಷ್ಟೇ. ಒಪ್ಪಿಗೆನಾ?"

"ಒಪ್ಪಿಗೆ. ಇವತ್ತೇ ಆಗ್ಲಿ."

ಅವನು ನನ್ನನ್ನು ಒಂದು ಗಳಿಗೆ ನೋಡಿದ. "ಯೋಚನೆ ಮಾಡಿ ಹೇಳ್ತಿದೀರಿ ತಾನೇ?" ಎಂದ. ಯೋಚಿಸುವುದು ಏನಿದೆ? ನನ್ನ ನೆಲದಲ್ಲಿ ನಾನು ಬರೆ ಹಾಕಿದ ಕರುಗಳೆಲ್ಲ ನನ್ನವೇ. ಮೇ ತಿಂಗಳಲ್ಲಿ ಹೋದವು, ಜೂನಿನಲ್ಲಿ ಬಂದವು. ಲೆಕ್ಕ ಸರಿಯಾಗಿದೆ.

ಜುಲೈ 17

ಆಯಿತು.

ನನ್ನ ದೊಡ್ಡಿಯಲ್ಲೇ ನಡೆಯಿತು, ನಾನೇ ಹಟ ಹಿಡಿದಿದ್ದೆ. ರಾತ್ರಿಯಿಡೀ ತಾಯಿ ಒಂದು ಕಡೆ, ಕರು ಒಂದು ಕಡೆ ಕೂಗಿಕೊಂಡವು. ಬೆಳಿಗ್ಗೆ ನೆಲದ ಮೇಲೆ ಇಬ್ಬನಿ ಬಿಳಿಯಾಗಿ ಕೂತಿತ್ತು. ಕ್ಲೆಮ್, ನೋಯ್ಲೀನ್, ಸಾರ್ಜೆಂಟ್, ಅವನ ಜೊತೆ ಒಬ್ಬ ಪೊಲೀಸು. ನಾನೇ ಗೇಟು ತೆಗೆದೆ.

ಕ್ಲೆಮ್ ಬರೆ ಹಾಕಿದ ಕರುಗಳು ಕ್ಲೆಮ್‌ನ ಹಸುಗಳ ಬಳಿಗೆ ಹೋದವು. ಒಂದು ಬಿಡದೆ ಎಲ್ಲವೂ. ಮೇ ತಿಂಗಳಲ್ಲಿ ಕರು ಕಳೆದುಕೊಂಡ ನನ್ನ ಹಸುಗಳು ಮೂಲೆಯಲ್ಲಿ ಸುಮ್ಮನೆ ನಿಂತಿದ್ದವು, ಅವುಗಳ ಬಳಿ ಯಾವ ಕರುವೂ ಸುಳಿಯಲಿಲ್ಲ. ಜೂನಿಗೆ ಮೊದಲೇ ನಾನು ಬರೆ ಹಾಕಿದ್ದ ಕರುಗಳು ನನ್ನ ಹಸುಗಳ ಬಳಿಗೆ ಹೋದವು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಆಮೇಲೆ ಜೂನಿನಿಂದೀಚೆ ಬರೆ ಹಾಕಿದ ಕರುಗಳು ಓಡಿ ಬಂದವು. ತೊಡೆಯ ಮೇಲೆ ಹೊಸ ಜೆ-ನಾಲ್ಕು-ಎಚ್, ಹೊಪ್ಪಳೆ ಇನ್ನೂ ಉದುರಿಲ್ಲ. ನನ್ನ ಹಸುಗಳನ್ನು ಮೂಸಿ ನೋಡಿ ಬಿಟ್ಟವು, ದಾಟಿ ಹೋದವು. ಪೊಲೀಸು ಕತ್ತರಿಯಿಂದ ಆಚೆಯ ಹಸುಗಳ ಕೂದಲು ಕತ್ತರಿಸಿ ಒಂದೊಂದಾಗಿ ಓದಿದ. ಸಿ-ಒಂಬತ್ತು-ಟಿ. ಸಿ-ಒಂಬತ್ತು-ಟಿ. ಎಚ್ ಮಲಗಿದ ಆ ವಕ್ರ ಬರೆಯ ಕರು ಎಲ್ಲಕ್ಕಿಂತ ಕೊನೆಗೆ ಬಂತು. ಒಂದು ಮುದಿ ಹಸುವಿನ ಕೆಚ್ಚಲಿಗೆ ತಲೆ ಗುದ್ದಿ ಬಾಲ ಅಲ್ಲಾಡಿಸಿತು. ಆ ಹಸು ಕರುವಿನ ಬರೆಯನ್ನು ನೆಕ್ಕುತ್ತಿತ್ತು.

ನೋಯ್ಲೀನ್ ನನ್ನ ಮುಖ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು.

"ಮಿಸ್ ಹ್ಯಾನ್ರಹಾನ್," ಎಂದು ಸಾರ್ಜೆಂಟ್ ಟೋಪಿ ತೆಗೆದ. "ಇದಕ್ಕೇನು ಹೇಳ್ತೀರಿ?"

ನಾನು ಗೇಟಿನ ಅಗುಳಿಯನ್ನು ಹಾಕಿ ತೆಗೆದು ಮಾಡುತ್ತಿದ್ದೆ. ಕ್ಲೆಮ್ ಕಟ್ಟೆಯಿಂದ ಇಳಿದ.

"ನಾನೇ ಹೇಳಿದ್ದೆ ಸಾರ್ಜೆಂಟ್. ನಂಗೆ ಬೆನ್ನು ಹಿಡ್ಕೊಂಡಿತ್ತು. ಹೊಳೆ ದಾಟಿದ ನನ್ನ ಕರುಗಳಿಗೂ ನಿನ್ನ ಬರೇನೇ ಹಾಕ್ಬಿಡು, ಆಮೇಲೆ ಕೆಳಗೆ ನಂದು ಹಾಕ್ಕೋತೀನಿ ಅಂದಿದ್ದೆ. ಮರ್ತುಬಿಟ್ಟಿದಾಳೆ. ವಯಸ್ಸಾಯ್ತಲ್ಲ."

"ಹೌದಾ?" ಎಂದ ಸಾರ್ಜೆಂಟ್. ಅವನ ಮುಖದಲ್ಲಿ ನಂಬಿಕೆ ಎಳ್ಳಷ್ಟೂ ಇರಲಿಲ್ಲ.

"ಹೌದು," ಎಂದ ಕ್ಲೆಮ್. ನನ್ನ ಕಡೆ ನೋಡಲಿಲ್ಲ.

ಜುಲೈ 18

ಸರ್ಕಾರಿ ಮನುಷ್ಯನ ಮುಂದೆ ಹಸಿ ಸುಳ್ಳು ಹೇಳಿದ! ನನಗೆ ಅವನು ಯಾವತ್ತೂ ಹಾಗೆ ಹೇಳಿಲ್ಲ. ಬೆನ್ನು ನೋವಂತೆ. ವಯಸ್ಸಾಯಿತಂತೆ. ಐವತ್ತು ತುಂಬಲು ನನಗೆ ಇನ್ನೂ ಎರಡು ವರ್ಷವಿದೆ. ಸುಳ್ಳುಗಾರ ಎಂದು ನಾನು ಮೊದಲಿನಿಂದ ಹೇಳುತ್ತಲೇ ಬಂದಿದ್ದೆ, ಈಗ ಎಲ್ಲರ ಎದುರೇ ಸಾಬೀತಾಯಿತು.

ರಾತ್ರಿ ಮೂರು ಸಲ ಎದ್ದು ಬಾಗಿಲು ಹಾಕಿದೆಯೇ ನೋಡಿದೆ. ಯಾರೂ ಬರುವವರಿರಲಿಲ್ಲ.

ಜುಲೈ 26

ಕ್ಲೆಮ್ ಬಂದಿದ್ದ. ಒಬ್ಬನೇ. ಒಳಗೆ ಬಾ ಎನ್ನಲಿಲ್ಲ, ಅವನೂ ಬರಲಿಲ್ಲ. ಜಗುಲಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತ.

"ನನ್ನ ಅರ್ಜಿ ವಾಪಸ್ ತಗೊಂಡೆ. ಕಚೇರಿಗೆ ತಂತಿ ಕೊಟ್ಟಿದೀನಿ. ಮುದ್ರೆ ನಿಂದು."

ಇಷ್ಟು ಸುಲಭವಾಗಿ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. "ಯಾಕೆ?" ಎಂದು ಕೇಳಿಬಿಟ್ಟೆ.

"ಗಣೀಲಿದ್ದಾಗ, ರೈಲಲ್ಲಿ ಎಲ್ಲಾದ್ರೂ ಜೆ-ನಾಲ್ಕು-ಎಚ್ ದನ ಹೋಗ್ತಿದ್ರೆ ಓಡಿಹೋಗಿ ನೋಡ್ತಿದ್ದೆ ಕಣೇ. ಅಪ್ಪನ್ನೇ ನೋಡಿದಷ್ಟು ಖುಷಿ. ಜೊತೆಲಿದ್ದೋರಿಗೆಲ್ಲಾ, ನಮ್ಮದು ಅದು ಅಂತ ತೋರಿಸ್ತಿದ್ದೆ. ಇವಾಗ ನೋಡಿದ್ರೆ..." ಎಂದು ನಿಲ್ಲಿಸಿದ. "ಬೇಡ, ನಂಗೆ. ನೀನೇ ಇಟ್ಕೋ."

"ದೊಡ್ಡ ಮನುಷ್ಯನ ಥರ ಮಾತಾಡ್ಬೇಡ. ದಾನ ಕೊಡಕ್ಕೆ ಬಂದಿದೀಯಾ?"

"ದಾನ ಅಲ್ಲ, ಡಲ್ಸಿ. ನನ್ನ ಮಕ್ಕಳ ದನದ ಮೇಲೆ ಅದು ಇರೋದು ನಂಗೆ ಇಷ್ಟ ಇಲ್ಲ. ಅಷ್ಟೇ."

ಹೋದ. ಹೊಳೆಯ ಕಡೆಯಿಂದ ಸಂಜೆಯವರೆಗೂ ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ಅಡ್ಡಬೇಲಿ ಕಟ್ಟುತ್ತಿದ್ದ. ಕೊನೆಗೂ ತನ್ನ ಸರದಿ ನೆನಪಾಯಿತು.

ನಾನು ಗೆದ್ದೆ. ಇದನ್ನು ಇಲ್ಲಿ ದೊಡ್ಡದಾಗಿ ಬರೆದಿಡಬೇಕು. ಗೆದ್ದೆ. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಯಾರಾದರೂ ಇರಬೇಕಲ್ಲ.

ಆಗಸ್ಟ್ 20

ಕ್ಲಾಂಕರಿಯ ದನದ ಹರಾಜಿಗೆ ಮೂವತ್ತು ಎಳೆ ಎತ್ತುಗಳನ್ನು ಒಯ್ದಿದ್ದೆ. ನೋಂದಣಿ ನನ್ನ ಹೆಸರಿಗೆ ಬಂದ ಮೇಲೆ ಮೊದಲ ಮಾರಾಟ. ಹೊಸ ಟೋಪಿ ಹಾಕಿಕೊಂಡಿದ್ದೆ. ಅಪ್ಪನ ಹಳೆಯ ಸ್ನೇಹಿತರು ಕಟ್ಟೆಯ ಮೇಲೆ ಕೂತಿದ್ದರು. ನಾನು ಹತ್ತಿರ ಹೋದಾಗ ಮಾತು ನಿಂತಿತು. "ಚಳಿ ಜಾಸ್ತಿ ಈ ಸಲ," ಎಂದ ಒಬ್ಬ. "ಹೌದು ಹೌದು," ಎಂದರು ಉಳಿದವರು.

ಹರಾಜು ಕೂಗುವವನ ಆಳು ನನ್ನ ದೊಡ್ಡಿಯೊಳಗೆ ಕತ್ತರಿ ಹಿಡಿದು ಇಳಿದ. ಎಳೆಯ ಹುಡುಗನಲ್ಲ, ಅಪ್ಪನನ್ನು ಬಲ್ಲ ಮನುಷ್ಯ.

"ಏನ್ ಮಾಡ್ತಿದೀಯ?" ಎಂದೆ.

"ಕೂದ್ಲು ಕತ್ತರಿಸಿ ನೋಡ್ತೀನಿ ಮಿಸ್ ಹ್ಯಾನ್ರಹಾನ್. ಕೆಳಗೆ ಬೇರೆ ಏನಾದ್ರೂ ಇದ್ರೆ... ಕೊಳ್ಳೋರು ಕೇಳ್ತಿದಾರೆ. ಬೇಜಾರು ಮಾಡ್ಕೋಬೇಡಿ."

"ಜೆ-ನಾಲ್ಕು-ಎಚ್ ಅದು! ನಮ್ಮಜ್ಜನ ಕಾಲದಿಂದ ಅದರ ಮೇಲೆ ಯಾರಾದ್ರೂ ಕತ್ತರಿ ಇಟ್ಟಿದಾರಾ?"

"ಇಲ್ಲ," ಎಂದ. "ಇಟ್ಟಿರ್ಲಿಲ್ಲ."

ಒಂದೊಂದನ್ನೂ ಕತ್ತರಿಸಿ ನೋಡಿದ. ಮೂವತ್ತನ್ನೂ. ಬೆರಳಿನಿಂದ ಸವರಿ, ಬಗ್ಗಿ, ಮತ್ತೆ ಸವರಿ. ನಾನು ಅಲ್ಲೇ ನಿಂತಿದ್ದೆ. ಹೋಗಬಹುದಿತ್ತು, ಕಾಲು ಬರಲಿಲ್ಲ. ನಾಚಿಕೆಯಲ್ಲ ಅದು. ನಾನೇಕೆ ನಾಚಿಕೊಳ್ಳಲಿ? ಎಲ್ಲವೂ ನನ್ನವೇ, ಮೂವತ್ತೂ ನನ್ನವೇ. ಒಂದರಲ್ಲೂ ಅವನಿಗೆ ಏನೂ ಸಿಗಲಿಲ್ಲ. ಆದರೂ ಕಣ್ಣು ಉರಿಯುತ್ತಿತ್ತು. ಧೂಳಿರಬೇಕು.

ಪಕ್ಕದ ದೊಡ್ಡಿಯಲ್ಲಿ ಕ್ಲೆಮ್‌ನ ದನಗಳಿದ್ದವು. ಆಳು ಬಾಗಿಲ ಹತ್ತಿರ ಹೋದ, ಒಂದು ಬರೆ ನೋಡಿದ, "ಸಿ-ಒಂಬತ್ತು-ಟಿ, ಕ್ಲೆಮ್ ಹ್ಯಾನ್ರಹಾನ್," ಎಂದು ಕೂಗಿದ. ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಎಲ್ಲವನ್ನೂ ಹಾಗೆಯೇ ಒಳಗೆ ಬಿಟ್ಟ.